ಹೊತ್ತು ಮುಳುಗುವುದರೊಳಗೆ ನಿಪ್ಪಾಣಿಗೆ ಹೋಗಿ ಬರುವ ಕಾರು

ನನ್ನ ತವರು ನಿಪ್ಪಾಣಿ. ಅಪ್ಪ ತಂಬಾಕಿನ ವ್ಯಾಪಾರಿ. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ತಂಬಾಕು ಕೂಡಿಡುವ ವಖಾರ ಹಂಚಿಕೊಂಡರು, ಹೊಲ ಹಂಚಿಕೊಂಡರು. ಅಪ್ಪನ ಹಳೆಯ ಕಾರನ್ನು ಹಂಚಿಕೊಳ್ಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಅದರ ಹಿಂದಿನ ಎಡಬಾಗಿಲು ಹೊರಗಿನಿಂದ ತೆರೆಯುತ್ತಿರಲಿಲ್ಲ, ಬಲಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಹೀಗಾಗಿ ಅದು ನನ್ನ ಪಾಲಿಗೆ ಬಂತು. ತಂಗಿ ಮೇಲಿನ ಪ್ರೀತಿಯಿಂದ ಕೊಟ್ಟೆವು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಹೇಳಲಿ ಬಿಡಿ.

ಓಡಿಸುವುದನ್ನು ಅಪ್ಪ ನನಗೆ ಮದುವೆಗೆ ಮೊದಲೇ ಕಲಿಸಿದ್ದ. ಬೆಳಿಗ್ಗೆ ಹೆದ್ದಾರಿ ಹಿಡಿದು ಕೊಗನೊಳ್ಳಿಯವರೆಗೆ ಹೋಗಿ ತಿರುಗಿ ಬರುತ್ತಿದ್ದೆವು. ಕಾರು ಕಲಿತ ಹುಡುಗಿಗೆ ವರ ಸಿಗುವುದಿಲ್ಲ ಎಂದು ಓಣಿಯವರು ಹೇಳುತ್ತಿದ್ದರು. ಸಿಕ್ಕಿತು. ರಾಯಬಾಗದ ಆಚೆ, ನಾಲ್ಕೂ ದಿಕ್ಕಿಗೆ ಕಬ್ಬು ನಿಂತ ಒಂದು ಊರಿಗೆ, ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಸೊಸೆಯಾಗಿ ಹೋದೆ. ಗಂಡ ಸಜ್ಜನ. ಕಬ್ಬಿನ ತಳಿಗಳ ಬಗ್ಗೆ ಕೇಳಿದರೆ ಸಂಜೆಯವರೆಗೆ ಮಾತಾಡುವವನು, ಉಳಿದ ಎಲ್ಲದಕ್ಕೂ "ಅಪ್ಪನ್ನ ಕೇಳ್ರಿ" ಎನ್ನುವವನು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ತವರಿನಲ್ಲೂ ಇದು ಇತ್ತು, ಆದರೆ ಅಲ್ಲಿ ಸೂರ್ಯ ನಮಗಾಗಿ ಸ್ವಲ್ಪ ಕಾಯುತ್ತಿದ್ದ. ಅತ್ತೆಯ ಮನೆಯಲ್ಲಿ ಸೂರ್ಯನಿಗೆ ಆ ಸಲಿಗೆ ಇರಲಿಲ್ಲ. ಬೆಳಗಿನ ಅಡುಗೆ ಅತ್ತೆಯದು, ಸಂಜೆಯ ಅಡುಗೆ ನನ್ನದು. ಐದಕ್ಕೆ ಹಂಚಿನ ಮೇಲೆ ಜೋಳದ ಭಕ್ರಿ ಬೀಳಬೇಕು. ಇದರಲ್ಲಿ ಮಾತುಕತೆಗೆ ಜಾಗವೇ ಇರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಿಪ್ಪಾಣಿಯಲ್ಲಿ ಅವ್ವನಿಗೆ ಲಕ್ವಾ ಹೊಡೆದಿತ್ತು. ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಇನ್ನೊಂದು ಸಲ ಹೊಡೆದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಹೋದರೆ ರಾಯಬಾಗದಲ್ಲಿ ಒಂದು ಇಳಿ, ಚಿಕ್ಕೋಡಿಯಲ್ಲಿ ಇನ್ನೊಂದು ಇಳಿ. ಅದೇ ದಿನ ತಿರುಗಿ ಬಂದರೂ ಮನೆ ಮುಟ್ಟುವಾಗ ದೀಪ ಹಚ್ಚಿರುತ್ತಿತ್ತು. ಅಂದರೆ ರಾತ್ರಿ ಉಳಿಯಬೇಕು, ಉಳಿಯಲು ಅಪ್ಪಣೆ ಬೇಕು, ಅದು ವರ್ಷಕ್ಕೆರಡು ಸಲ ಸಿಕ್ಕರೆ ಪುಣ್ಯ. ಕಾರಿದ್ದರೆ ಎಂಟಕ್ಕೆ ಹೊರಟು, ಅವ್ವನ ಹತ್ತಿರ ಮೂರ್ನಾಲ್ಕು ತಾಸು ಕೂತು, ನಾಲ್ಕೂವರೆಗೆ ಬಂದು ಹಿಟ್ಟು ನಾದಬಹುದಿತ್ತು. ಹದಿನೈದು ದಿನಕ್ಕೊಂದು ಗುರುವಾರ ಹೀಗೆ ಹೋಗುತ್ತಿದ್ದೆ. ಅವ್ವ ಎಡಗೈಯಿಂದ ನನ್ನ ಕೈ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಒಂದೇ ಕೈಯಲ್ಲಿ ಅವಳಿಗೆ ಉಣಿಸುವುದನ್ನು ಕಲಿತಿದ್ದೆ. ನಾನು ಹೋಗದ ಗುರುವಾರ ಅವಳು ಸಂಜೆಯವರೆಗೆ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾಳೆ ಎಂದು ಅತ್ತಿಗೆ ಹೇಳಿದ್ದಳು. ಅದನ್ನು ಕೇಳಿದ ಮೇಲೆ ನನಗೆ ಕಾರೆಂದರೆ ಜೀವ.

ಆ ಜೀವ ಒಂದು ಗುರುವಾರ ಬೆಳಿಗ್ಗೆ "ಟಕ್" ಎಂದು ಸುಮ್ಮನಾಯಿತು. ಕೀ ತಿರುಗಿಸಿದೆ, ಟಕ್. ಇನ್ನೊಮ್ಮೆ ತಿರುಗಿಸಿದೆ, ಅರ್ಧ ಟಕ್. ನಾಲ್ಕು ಆಳು ಬಂದು ದಬ್ಬಿದರು, ಚಾಲೂ ಆಯಿತು, ಹೋಗಿ ಬಂದೆ. ಮರುದಿನ ಮತ್ತೆ ಟಕ್. ಮುಂದಿನ ಸಲ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರು. ಸೊಸೆ ಒಳಗೆ ಕೂತು ಸ್ಟೇರಿಂಗ್ ಹಿಡಿದಿರುವುದು, ಗಂಡಸರು ಹಿಂದಿನಿಂದ ದಬ್ಬುವುದು, ಇದನ್ನು ನೋಡಲು ಊರಿನವರು ಚಹಾ ಬಿಟ್ಟು ಬರುತ್ತಿದ್ದರು. ಒಬ್ಬ ಮುದುಕ ಪ್ರತಿ ಸಲವೂ ಬರುತ್ತಿದ್ದ. ಒಮ್ಮೆ ನಾನು ಕಾರಣವಿಲ್ಲದೆ ಹೊರಗೆ ಬಂದಾಗ, ಇವತ್ತು ದಬ್ಬುವುದಿಲ್ಲವೇ ಎಂದು ಬೇಸರದಿಂದ ಕೇಳಿದ.

ಮಾವ ಕೆಟ್ಟವರಲ್ಲ. ಮೂರನೆಯ ಸಲ ಟ್ರ್ಯಾಕ್ಟರ್ ಬಿಚ್ಚಿಸಿ ನನ್ನನ್ನು ಕರೆದರು.

"ಕಾರ್ಖಾನಿ ಚಾಲೂ ಆಗೂತನಕ ಆಳು ಕೊಡ್ತೀನಿ, ದಬ್ಬಲಿ. ಆಮ್ಯಾಲ ಕಬ್ಬ ಬಿಟ್ಟ ಒಬ್ಬನೂ ಬರೂದಿಲ್ಲ. ಅಷ್ಟರಾಗ ರಿಪೇರಿ ಆಗಲಿಲ್ಲಂದ್ರ ಅಥಣಿಯಾಂವ ಒಯ್ಯಲಿ, ಯವ್ವಾ."

ಅಥಣಿಯವನೆಂದರೆ ಹಳೆಯ ಗಾಡಿಗಳನ್ನು ಒಡೆದು ಬಿಡಿಭಾಗ ಮಾರುವವನು. ಸಕ್ಕರೆ ಕಾರ್ಖಾನೆ ಶುರುವಾಗಲು ತಿಂಗಳೊಪ್ಪತ್ತು ಉಳಿದಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ. ಸಿಟ್ಟು ಬಂದಾಗ ನಾನು ಏನಾದರೂ ಬಿಚ್ಚುತ್ತೇನೆ. ಅಪ್ಪ ಕಾರಿನ ಕರೆಂಟನ್ನು ನನಗೆ ತಂಬಾಕಿನ ಲೆಕ್ಕದಲ್ಲಿ ಕಲಿಸಿದ್ದ: ಬೆಳೆಯುವವನು ಡೈನಮೊ, ಹೊತ್ತು ತರುವವನು ವೈರು, ವಖಾರದಲ್ಲಿ ಇಟ್ಟುಕೊಳ್ಳುವವನು ಬ್ಯಾಟರಿ. ಮಾಲು ಕಡಿಮೆ ಬಿದ್ದರೆ ಮೂವರಲ್ಲಿ ಒಬ್ಬ ಕಳ್ಳ. ಹೆಚ್ಚಾಗಿ ವಖಾರದವನೇ ಎಂದು ಸ್ವತಃ ವಖಾರವಿದ್ದ ಅಪ್ಪ ಹೇಳುತ್ತಿದ್ದ. ಕೊನೆಯ ಆ ಮಾತನ್ನು ನಾನು ಆಗ ಮನಸ್ಸಿಗೆ ತಂದುಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಮೊದಲು ಡೈನಮೊ. ಅದನ್ನು ತಿರುಗಿಸುವುದು ಫ್ಯಾನ್ ಬೆಲ್ಟು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ನಮ್ಮದು ಎರಡು ಇಂಚು ಬಗ್ಗಿ ಇನ್ನೂ ತಯಾರಿತ್ತು. ಡೈನಮೊದ ಬೋಲ್ಟು ಸಡಿಲಿಸಿ, ಕಬ್ಬು ಕಡಿಯುವ ಕೊಯ್ತಾದ ಹಿಡಿಕೆ ತೂರಿಸಿ ಮೀಟಿ, ಬಿಗಿ ಮಾಡಿದೆ. ಎರಡು ದಿನ ಕಾರು ತಾನೇ ಚಾಲೂ ಆಯಿತು. ನಾನು ಮನೆಯಲ್ಲಿ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡಿದೆ. ಮೂರನೆಯ ದಿನ ಟಕ್.

ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಎಮ್ಮೆಯ ನೀರಿನ ಕೊಡ ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದರು. ಕಾರು ನಿಲ್ಲುತ್ತಿದ್ದದ್ದು ಕೊಟ್ಟಿಗೆಯಲ್ಲೇ, ಎಮ್ಮೆಗಳ ಪಕ್ಕ. ಅವರು ಹೆಚ್ಚು ಮಾತಿನವರಲ್ಲ. ನನ್ನ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವರ ಲೋಕವೆಲ್ಲ ನೀರು. ಬಾವಿಯಿಂದ ಸೇದಿದ ನೀರನ್ನು ಮಡಚಿದ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದ ತೊಳೆದು, ಅವು ಬಂದ ಬಾವಿಗೇ ತಿರುಗಿ ಬಿಡುತ್ತಿದ್ದರು. ಕುಡಿಯುವ ನೀರನ್ನು ಮತ್ತೆ ಕಾಯಿಸುತ್ತಿದ್ದರು. ತವರಿನಲ್ಲಿ ನಾವು ನಲ್ಲಿಗೊಂದು ಬಟ್ಟೆ ಕಟ್ಟಿ ಮರೆತುಬಿಡುತ್ತಿದ್ದೆವು. ಇಲ್ಲಿ ಊರಿಗೆ ಮುನಿಗಳು ಬಂದರೆ ಅವರ ಆಹಾರಕ್ಕೆ ನೀರು ಅತ್ತೆಯ ಕೈಯದೇ ಆಗಬೇಕಿತ್ತು. ಆ ವರ್ಷ ಮಾತ್ರ ಅವರಿಗೆ ಸೋಸುವ ಬಟ್ಟೆಗಳು ಬಾಳಿಕೆ ಬರುತ್ತಿರಲಿಲ್ಲ. ಎರಡು ಮೂರು ತಿಂಗಳಿಗೊಂದು ತೂತು ಬಿದ್ದು ಹೋಗುತ್ತಿತ್ತು, ನೇಕಾರರಿಗೆ ಈಗ ನಿಯತ್ತಿಲ್ಲ ಎನ್ನುತ್ತಿದ್ದರು. ನಾನು ಹೂಂ ಎಂದಿದ್ದೆ.

ಊರಲ್ಲಿ ಕರೆಂಟಿನ ಕೆಲಸ ಗೊತ್ತಿದ್ದವನು ಒಬ್ಬನೇ, ಬಾವಿ ಪಂಪುಗಳ ಮೋಟಾರ್ ರಿವೈಂಡಿಂಗ್ ಮಾಡುವವನು. ಅವನ ಪ್ರಕಾರ ಲೋಕದ ಎಲ್ಲ ರೋಗವೂ ವೈಂಡಿಂಗಿನಲ್ಲಿತ್ತು. ಬಂದವನೇ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತ. ಡೈನಮೊ ಕೆಟ್ಟಿದ್ದರೆ ಎಂಜಿನ್ ನಿಲ್ಲುತ್ತದೆ ಎಂದ. ಎಂಜಿನ್ ನಿಲ್ಲಲಿಲ್ಲ, ಮೂರು ಬಲ್ಬು ಮಾತ್ರ ಸುಟ್ಟವು. ಅಂದರೆ ಡೈನಮೊ ಸರಿಯಾಗಿಯೇ ಇದೆ ಎಂದು ಅವನೇ ಒಪ್ಪಿಕೊಂಡ. ಒಪ್ಪಿಕೊಂಡು, ಅದನ್ನೇ ಬಿಚ್ಚಿಕೊಂಡು ಹೋಗಿ, ಹೊಸ ತಂತಿ ಸುತ್ತಿ ಐದು ದಿನಕ್ಕೆ ತಂದು ಕೂರಿಸಿದ. ಒಂದು ಗುರುವಾರ ಹೀಗೆ ಹೋಯಿತು. ಅವ್ವ ಬಾಗಿಲು ನೋಡುತ್ತ ಕೂತಿರುವುದೇ ಕಣ್ಣ ಮುಂದೆ ಬರುತ್ತಿತ್ತು.

ಹೊಸ ವೈಂಡಿಂಗಿನ ಮೇಲೂ ಟಕ್. ಸರಿ, ವೈರು ನೋಡೋಣ ಎಂದುಕೊಂಡೆ. ಕಾರು ನಿಂತಾಗ ಕರೆಂಟು ಎಲ್ಲಾದರೂ ಸೋರುತ್ತಿದೆಯೇ ಎಂದು ತಿಳಿಯಲು ಅಪ್ಪ ಒಂದು ಉಪಾಯ ಹೇಳಿಕೊಟ್ಟಿದ್ದ. ಎಲ್ಲ ಸ್ವಿಚ್ಚು ಆರಿಸಿ, ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ, ಆ ಟರ್ಮಿನಲ್ಲಿಗೂ ವೈರಿಗೂ ನಡುವೆ ಒಂದು ಸಣ್ಣ ಬಲ್ಬು ಹಿಡಿಯಬೇಕು. ಬಲ್ಬು ಹತ್ತಿದರೆ ಸೋರಿಕೆ. ಕೊಟ್ಟಿಗೆಯ ಬಾಗಿಲು ಹಾಕಿಸಿ ಕತ್ತಲು ಮಾಡಿ ಹಿಡಿದೆ. ಬಲ್ಬು ಹತ್ತಲಿಲ್ಲ. ಎರಡು ಎಮ್ಮೆಗಳೂ ನಾನೂ ಆ ಹತ್ತದ ಬಲ್ಬನ್ನು ಸ್ವಲ್ಪ ಹೊತ್ತು ನೋಡಿದೆವು.

ಟರ್ಮಿನಲ್ಲುಗಳ ಮೇಲೆ ಬಿಳಿ-ಹಸಿರು ಕಿಲುಬು ಕೂತಿತ್ತು. ಅಡುಗೆ ಸೋಡಾವನ್ನು ಬಿಸಿನೀರಿಗೆ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಬುಸ್ಸೆಂದು ನೊರೆ ಬಂತು. ಒರೆಸಿ, ಬಿಗಿದು, ಮೇಲೆ ಗ್ರೀಸು ಸವರಿದೆ. ಎಂಟು ದಿನದಲ್ಲಿ ಮತ್ತೆ ಕಿಲುಬು ಬಂತು. ಇದು ಯಾಕೆ ಬರುತ್ತಿದೆ ಎಂದು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಬ್ಯಾಟರಿಯ ಆರೂ ಮುಚ್ಚಳ ತೆಗೆದು ನೋಡಿದೆ. ನೀರು ಬಾಯಿತುಂಬ ಇತ್ತು. ಹಿಂದೆ ನೋಡಿದಾಗಲೂ ಹೀಗೇ ತುಂಬಿತ್ತು. ಬೇರೆಯವರ ಬ್ಯಾಟರಿ ತಿಂಗಳಿಗೊಮ್ಮೆ ನೀರು ಕೇಳುತ್ತದೆ, ನಮ್ಮದಕ್ಕೆ ಬಾಯಾರಿಕೆಯೇ ಇಲ್ಲ, ಎಂಥ ಗಟ್ಟಿ ಬ್ಯಾಟರಿ ಎಂದು ಸಂತೋಷಪಟ್ಟೆ. ಇಂಥ ದಡ್ಡತನಕ್ಕೆ ನಿಪ್ಪಾಣಿಯಲ್ಲಿ ಅಷ್ಟೆಲ್ಲ ಓದಿದ್ದು ಯಾಕೆ ಎಂದು ಈಗ ಅನಿಸುತ್ತದೆ.

ಕಾರ್ಖಾನೆಯ ಚಿಮಣಿಗೆ ಪೂಜೆ ಆಯಿತು ಎಂದು ಸುದ್ದಿ ಬಂದ ವಾರ ಕೊನೆಯ ಸಲ ದಬ್ಬಿಸಿಕೊಂಡು ನಿಪ್ಪಾಣಿಗೆ ಹೊರಟೆ. ಭಾನುವಾರ ಅಥಣಿಯವನು ಕಾರು ನೋಡಲು ಬರುವವನಿದ್ದ. ದಾರಿಯಲ್ಲಿ ಎಲ್ಲೂ ಎಂಜಿನ್ ಆರಿಸದೆ, ನೇರ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯವನು ಅಪ್ಪನ ಕಾಲದ ಮನುಷ್ಯ, ಕೈಬೆರಳೆಲ್ಲ ಆಸಿಡ್ ತಿಂದು ನುಣುಪಾಗಿದ್ದವು. ರಬ್ಬರ್ ಬುರುಡೆಯ ಗಾಜಿನ ನಳಿಗೆಯಿಂದ ಪ್ರತಿ ಮುಚ್ಚಳದಿಂದಲೂ ನೀರು ಎಳೆದು ನೋಡಿದ. ಒಳಗೊಂದು ಕಡ್ಡಿ ಇರುತ್ತದೆ. ಆಸಿಡ್ ಸರಿಯಿದ್ದರೆ ಅದು ಮೇಲೆ ತೇಲುತ್ತದೆ. ನಮ್ಮದು ಆರಕ್ಕೆ ಆರೂ ಸಲ ತಳಕ್ಕೆ ಕೂತಿತು.

"ಹ್ಯಾತ್ ಆಸಿಡ್ ನಾಹೀಚ್. ನುಸ್ತಂ ಪಾಣೀ," ಎಂದ ಮರಾಠಿಯಲ್ಲಿ. ಇದರಲ್ಲಿ ಆಸಿಡ್ಡೇ ಇಲ್ಲ, ಬರೀ ನೀರು ಎಂದರ್ಥ.

ಯಾರೋ ದಿನಾ ಕಂಠಮಟ್ಟ ನೀರು ತುಂಬಿಸುತ್ತಾರೆ, ಚಾರ್ಜ್ ಆಗುವಾಗ ಅದು ಉಕ್ಕಿ ಆಸಿಡ್ ಸಮೇತ ಹೊರಗೆ ಹೋಗುತ್ತದೆ, ಕಿಲುಬು ಅದರಿಂದಲೇ ಎಂದ. ಅದೂ ಡಿಸ್ಟಿಲ್ಡ್ ವಾಟರ್ ಅಲ್ಲ, ಬಾವಿಯ ಸವಳು ನೀರು, ರಾಯಬಾಗದ ಕಡೆಯ ಟ್ರ್ಯಾಕ್ಟರ್ ಬ್ಯಾಟರಿಗಳೆಲ್ಲ ಹೀಗೇ ಸಾಯುತ್ತವೆ ಎಂದ. ನಾನು ಅಲ್ಲೇ ಜಗಳ ತೆಗೆದೆ. ನಮ್ಮಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನಿದೆ, ಬೇರೆ ನೀರು ಮುಟ್ಟಿಸಿಲ್ಲ, ನೀವು ನನಗೆ ಕಲಿಸಬೇಡಿ ಎಂದೆ. ಅವನು ನನ್ನ ಮಾತು ಮುಗಿಯುವವರೆಗೆ ಕಾದು, ತೊಳೆದು ಹೊಸ ಆಸಿಡ್ ಹಾಕಿ ನಿಧಾನ ಚಾರ್ಜಿಗೆ ಇಡುತ್ತೇನೆ, ದೈವ ಚೆನ್ನಾಗಿದ್ದರೆ ಒಂದು ವರ್ಷ ಬಂದೀತು ಎಂದು ಹೇಳಿ, ಅಲ್ಲಿಯವರೆಗೆ ಅಂಗಡಿಯ ಹಳೆಯ ಬ್ಯಾಟರಿಯೊಂದನ್ನು ಕೂರಿಸಿ ಕೊಟ್ಟ. ಅವ್ವನ ಹತ್ತಿರ ಕೂತಾಗಲೂ ನನ್ನ ತಲೆಯಲ್ಲಿ ಆ ಕ್ಯಾನೇ ಇತ್ತು. ಹೊರಡುವಾಗ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಇದು ಕೊನೆಯ ಸಲವೇನೋ ಎಂದು ಚಿಕ್ಕೋಡಿ ದಾಟುವವರೆಗೆ ಅಳುತ್ತಲೇ ಬಂದೆ.

ಮನೆಗೆ ಬಂದು ಮೊದಲು ಕ್ಯಾನು ನೋಡಿದೆ. ಹಿಂದಿನ ವರ್ಷ ತಂದದ್ದು. ಮುಚ್ಚಳದ ಒಳಗಿನ ಹಾಳೆ ಹರಿದೇ ಇರಲಿಲ್ಲ. ವರ್ಷವಿಡೀ ಬ್ಯಾಟರಿ ಒಂದು ಹನಿ ಕುಡಿದಿಲ್ಲ, ಆದರೂ ಹೊಟ್ಟೆ ತುಂಬಿದೆ. ಕ್ಯಾನು ಹಿಡಿದುಕೊಂಡೇ ಹಿತ್ತಲಿಗೆ ಬಂದೆ. ಹಗ್ಗದ ಮೇಲೆ ಅತ್ತೆಯ ಸೋಸುವ ಬಟ್ಟೆ ಒಣಗುತ್ತಿತ್ತು, ಇಳಿಬಿಸಿಲು ಅದರೊಳಗಿಂದ ಬರುತ್ತಿತ್ತು. ತೂತುಗಳು ಒಂದೇ ಸಾಲಿನಲ್ಲಿದ್ದವು. ಎಣಿಸಿದೆ, ಆರು. ಬೆರಳುಗಳಿಂದ ಅಳತೆ ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ, ಅಂಗಡಿಯವನು ಕೂರಿಸಿದ್ದ ನಮ್ಮದರಷ್ಟೇ ಅಳತೆಯ ಬ್ಯಾಟರಿಯ ಮುಚ್ಚಳಗಳ ಮೇಲೆ ಇಟ್ಟು ನೋಡಿದೆ. ಸರಿಹೋಯಿತು.

ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಕಾರಿಗೆ ನೀರು ಹಾಕುತ್ತೀರಾ ಎಂದು ಕೇಳಿದೆ.

"ಹಾಕ್ತೀನಿ," ಎಂದರು. "ಮುಂಜಾನಿ. ಎಮ್ಮಿಗೆ ಹಾಕಿದ ಮ್ಯಾಲ."

ಬ್ಯಾಟರಿ ನೀರು ಕುಡಿಯುತ್ತದೆ ಎಂದು ನಾನೇ ಯಾವಾಗಲೋ ಹೇಳಿದ್ದೆನಂತೆ. ಒಳಗೆ ಆಸಿಡ್ ಇರುತ್ತದೆ, ಬಿದ್ದದ್ದೆಲ್ಲ ಸುಡುತ್ತದೆ ಎಂದೂ ಹೇಳಿದ್ದೆನಂತೆ. ಹಾಗಿದ್ದ ಮೇಲೆ ಪೇಟೆಯ ಕ್ಯಾನಿನ ನೀರನ್ನು ಯಾರು ಸೋಸಿದ್ದಾರೋ ಯಾರಿಗೆ ಗೊತ್ತು, ಆಸಿಡ್ಡಿಗೆ ಬಿದ್ದು ಸಾಯಲು ಅದರಲ್ಲಿ ಎಷ್ಟು ಜೀವ ಇವೆಯೋ ಯಾರು ನೋಡಿದ್ದಾರೆ? ಅದಕ್ಕೇ ಅತ್ತೆ ಬಾವಿಯ ನೀರನ್ನು ಸೋಸಿ, ಕಾಯಿಸಿ, ಆರಿಸಿ, ಆರೂ ಬಾಯಿಗಳ ಮೇಲೆ ಬಟ್ಟೆ ಹಾಸಿ ಇನ್ನೊಮ್ಮೆ ಸೋಸುತ್ತ, ಒಂದು ವರ್ಷ ದಿನ ತಪ್ಪದೆ ಕಾರಿಗೆ ನೀರುಣಿಸಿದ್ದರು. ಹಬ್ಬದ ದಿನವೂ ಬಿಟ್ಟಿರಲಿಲ್ಲ.

ನನಗೆ ಬಂದ ಸಿಟ್ಟು ಸಣ್ಣದಲ್ಲ. "ನಿಮ್ಮ ನೀರಿನಾಗ ಉಪ್ಪ ಐತ್ರಿ," ಎಂದೆ. "ಸೋಸಿದ್ರೂ ಹೋಗೂದಿಲ್ಲ, ಕಾಸಿದ್ರೂ ಹೋಗೂದಿಲ್ಲ. ಬ್ಯಾಟರಿ ಸತ್ತದ್ದ ನಿಮ್ಮ ನೀರಿಗೆ, ಅತ್ತ್ಯಾರ." ಅಷ್ಟಕ್ಕೇ ಬಿಡದೆ, ನೀರು ಕಾಯಿಸುವ ಪಾತ್ರೆಯನ್ನು ಬೋರಲು ಹಾಕಿ ತಳದಲ್ಲಿ ಕಟ್ಟಿದ್ದ ಬಿಳಿ ಸುಣ್ಣದಂಥ ಪದರ ತೋರಿಸಿದೆ. ಅತ್ತೆ ಅದನ್ನು ಉಗುರಿನಿಂದ ಕೆರೆದು ನೋಡಿದರು, ಬೆರಳು ನೋಡಿಕೊಂಡರು. ಐವತ್ತು ವರ್ಷ ಆ ಬಾವಿಯ ನೀರನ್ನು ಶುದ್ಧ ಮಾಡಿದ ಹೆಂಗಸು. ಮಾತು ಹೊರಗೆ ಬಿದ್ದ ಕೂಡಲೇ ನನಗೆ ನಾಚಿಕೆಯಾಯಿತು. ಪಾತ್ರೆ ಜಾಗಕ್ಕಿಟ್ಟು ಭಕ್ರಿ ತಟ್ಟಲು ಕೂತೆ.

ಊಟಕ್ಕೆ ಕೂತಾಗ ಕಾರಿಗೆ ಏನಾಗಿತ್ತಂತೆ ಎಂದು ಮಾವ ಕೇಳಿದರು. ನಿಜ ಹೇಳಿದರೆ ಕಾರು ಉಳಿಯುತ್ತಿತ್ತು. ಕಾರಣ ಗೊತ್ತಾಗಿದೆ, ಇನ್ನು ಕೆಡುವುದಿಲ್ಲ ಎನ್ನಬಹುದಿತ್ತು. ಆದರೆ ಗಂಡ, ಮಾವ ಇಬ್ಬರ ಮುಂದೆ ಅತ್ತೆಯ ನೀರು ಕೆಟ್ಟದ್ದು ಎಂದು ನನ್ನ ಬಾಯಿಂದ ಎರಡನೆಯ ಸಲ ಹೊರಡಲಿಲ್ಲ. ಬ್ಯಾಟರಿ ಹಳೆಯದಾಗಿತ್ತು ಎಂದೆ.

"ಹಂಗಾರ ಮತ್ತ ಕೆಡತೈತಿ. ಐತವಾರ ಅಥಣಿಯಾಂವಗ ಕೊಟ್ಟ ಬಿಡೂನು," ಎಂದರು ಮಾವ.

ನಾನು ತಲೆ ತಗ್ಗಿಸಿದೆ. ಭಕ್ರಿಯ ಮೇಲೆ ಕಣ್ಣೀರು ಬಿತ್ತು, ಯಾರಿಗೂ ಕಾಣದಂತೆ ಪಲ್ಯ ಎಳೆದುಕೊಂಡೆ. ಬಡಿಸುತ್ತಿದ್ದ ಅತ್ತೆ ಪಲ್ಯದ ಪಾತ್ರೆಯನ್ನು ಕೆಳಗಿಟ್ಟರು.

"ಬ್ಯಾಟರಿ ಹಳೇದಾಗಿಲ್ಲ. ನಾ ಹಾಕಿದ ನೀರಿಗೆ ಕೆಟ್ಟೈತಿ. ನನ್ನ ನೀರಿನಾಗ ಉಪ್ಪ ಐತಿ. ನಾಳಿಂದ ಹಾಕೂದಿಲ್ಲ, ಮತ್ತ ಕೆಡೂದಿಲ್ಲ."

ಮಾವ ತುತ್ತು ಹಿಡಿದು ಕೂತರು. ಗಂಡ ನನ್ನನ್ನು ನೋಡಿದ, ನಾನು ಗೋಡೆ ನೋಡಿದೆ. ಅತ್ತೆ ಇನ್ನೂ ಮುಗಿಸಿರಲಿಲ್ಲ.

"ನಮ್ಮವ್ವ ಕಾಗವಾಡದಾಗ ಹಾಸಗಿ ಹಿಡದಾಗ ನಿಮ್ಮನ್ನ ಕೇಳಿದ್ನಿ. ಹೊತ್ತ ಮುಳಗೂದರಾಗ ತಿರಗಿ ಬರಾಕ ಆಗೂದಿಲ್ಲ, ಸುಗ್ಗಿ ಮುಗೀಲಿ ಅಂದ್ರಿ. ಸುಗ್ಗಿ ಮುಗಿಸಿ ಹ್ವಾದ್ನಿ. ಅವ್ವ ಇರಲಿಲ್ಲ. ಈ ಕಾರ ಮಾರಬ್ಯಾಡ್ರಿ."

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಕಾರಿಗೆ ಅವರು ಯಾಕೆ ದಿನಾ ನೀರುಣಿಸಿದ್ದರು ಎಂಬುದು ಆಗ ತಿಳಿಯಿತು. ಮಾವ ಕೈ ತೊಳೆದು ಎದ್ದರು. ಮರುದಿನ ಅಥಣಿಗೆ, ಬರುವುದು ಬೇಡ ಎಂದು ಹೇಳಿ ಕಳಿಸಿದರು.

ನಿಪ್ಪಾಣಿಯಿಂದ ಬ್ಯಾಟರಿ ತಿರುಗಿ ಬಂತು. ತಿಂಗಳಿಗೊಮ್ಮೆ ಕ್ಯಾನಿನ ನೀರು ಹಾಕುವ ಕೆಲಸವನ್ನು ನಾನೇ ಅತ್ತೆಗೆ ಕೊಟ್ಟೆ. ಪ್ಲೇಟುಗಳು ಮುಳುಗುವಷ್ಟು ಸಾಕು, ತುಂಬಿಸಬಾರದು ಎಂದೆ. ಒಪ್ಪಿದರು. ಸೋಸುವುದನ್ನು ಮಾತ್ರ ಬಿಡಲಿಲ್ಲ. ಡಿಸ್ಟಿಲ್ಡ್ ವಾಟರನ್ನು ಗಾಜಿನ ಲೋಟಕ್ಕೆ ಬಟ್ಟೆಯಲ್ಲಿ ಸೋಸಿಕೊಂಡು ಆಮೇಲೆ ಹಾಕುತ್ತಿದ್ದರು. ಬ್ಯಾಟರಿಗೆ ಅದರಿಂದ ತೊಂದರೆಯಿರಲಿಲ್ಲ. ಬಟ್ಟೆಗಳೂ ಉಳಿದವು.

ಮುಂದಿನ ವರ್ಷ ಮಳೆಗಾಲಕ್ಕೆ ಮೊದಲು, ಗುರುವಾರವಲ್ಲದ ಒಂದು ದಿನ, ಸಂಜೆಯ ಭಕ್ರಿಗೆ ಹಿಟ್ಟು ನಾದುತ್ತಿದ್ದಾಗ ಪೋಸ್ಟಿನವನು ಓಡಿ ಬಂದ. ನಿಪ್ಪಾಣಿಯಿಂದ ಫೋನು, ಅವ್ವನಿಗೆ ಎರಡನೆಯ ಸಲ ಹೊಡೆದಿದೆ ಎಂದ. ನಾನು ಹಿಟ್ಟಿನ ಪರಾತದ ಮುಂದೆ ಹಾಗೇ ಕೂತುಬಿಟ್ಟೆ. ಸೂರ್ಯ ಆಗಲೇ ಇಳಿಯುತ್ತಿದ್ದ. ಅತ್ತೆ ಬಂದು ಪರಾತ ತಮ್ಮ ಕಡೆ ಎಳೆದುಕೊಂಡರು.

"ನಡಿ," ಎಂದರು. "ಇದನ್ನ ನಾ ಮಾಡ್ತೀನಿ."

ಕೈಯಲ್ಲಿ ಹಿಟ್ಟಿದ್ದಂತೆಯೇ ಕೀ ತಿರುಗಿಸಿದೆ. ಕಾರು ಮೊದಲ ಸಲಕ್ಕೇ ಚಾಲೂ ಆಯಿತು. ನಿಪ್ಪಾಣಿ ಮುಟ್ಟಿದಾಗ ಅವ್ವನಿಗೆ ಇನ್ನೂ ಉಸಿರಿತ್ತು. ಎಡಗೈ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಮರುದಿನ ಮಧ್ಯಾಹ್ನದವರೆಗೆ ಹಾಗೇ ಹಿಡಿದಿತ್ತು, ಆಮೇಲೆ ತಾನಾಗಿಯೇ ಸಡಿಲಾಯಿತು.

ಎಲ್ಲ ಮುಗಿಸಿ ಊರಿಗೆ ಬಂದಾಗ ಅತ್ತೆ ಕೊಟ್ಟಿಗೆಯಲ್ಲಿದ್ದರು. ನಾನು ಕಾರಿನಿಂದ ಇಳಿಯುವವರೆಗೆ ಕಾದರು.

"ಭೇಟಿ ಆತೇನ?"

"ಆತ್ರಿ."

ಅವರು ತಲೆಯಾಡಿಸಿ, ಸೆರಗಿನ ತುದಿಯಿಂದ ಕಾರಿನ ಬಾನೆಟ್ಟಿನ ಧೂಳು ಒರೆಸಿದರು. ಧೂಳು ಹೋದ ಮೇಲೂ ಒರೆಸುತ್ತಲೇ ಇದ್ದರು.